ಪಟ್ಟಿಗೆ ಸೇರದ ದಂಡೆ

ಚೀನಾದ ಗಣಿ ಕಂಪನಿಯ ಕ್ಯಾಂಪಿನ ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ಕೂತು ಬೀನ್ಸ್ ಸೋಸುತ್ತಿದ್ದರು. ಅಡುಗೆಯವನು ಗಾವೊ ಮೇಲಿನ ಮೆಟ್ಟಿಲಲ್ಲಿ, ಶುವಾಯಿ ಕೆಳಗಿನದರಲ್ಲಿ, ನಡುವೆ ಒಂದು ಅಲ್ಯೂಮಿನಿಯಂ ಬೋಗುಣಿ. ಅವನು ಕಾಯಿಯ ತುದಿ ಮುರಿದರೆ ನಾರು ಒಂದೇ ಎಳೆತಕ್ಕೆ ಬರುತ್ತಿತ್ತು. ಅವಳದು ನಡುವೆ ತುಂಡಾಗುತ್ತಿತ್ತು. ತುಂಡಾದ ಕಾಯನ್ನು ಅವನು ಬೋಗುಣಿಯಿಂದ ಎತ್ತಿ ಮತ್ತೆ ಅವಳ ಮಡಿಲಿಗೆ ಹಾಕುತ್ತಿದ್ದ. ಅವಳು ಮತ್ತೆ ನಾರು ಹುಡುಕಿ ಎಳೆಯುತ್ತಿದ್ದಳು. ಅವನ ಭಾಷೆ ಅವಳಿಗೆ ಬಾರದು, ಅವಳದು ಅವನಿಗೆ ಬಾರದು. ನಾಲ್ಕು ತಿಂಗಳಲ್ಲಿ ಇಬ್ಬರ ನಡುವೆ ನಡೆದ ಜಗಳವೂ ಸ್ನೇಹವೂ ಅಷ್ಟೇ.

ಬೀನ್ಸ್ ಮುಗಿಸಿ ಅವಳು ಊಟದ ಕೋಣೆಯ ಮೇಜು ಒರೆಸಲು ಹೋದಳು. ಮೇಜಿನ ಮೇಲೆ ಒಂದು ನಕ್ಷೆ ಹಾಸಿತ್ತು. ಗಾಳಿಗೆ ಹಾರದಿರಲೆಂದು ಅದರ ನಾಲ್ಕು ಮೂಲೆಗೆ ನಾಲ್ಕು ಖಾರದ ಬಟ್ಟಲು. ಕಾಗದಪತ್ರ ಮುಟ್ಟಬಾರದೆಂದು ಮೊದಲ ದಿನವೇ ಹೇಳಿದ್ದರು. ಶುವಾಯಿ ಸುತ್ತಲೂ ಒರೆಸಿದಳು, ಒರೆಸುತ್ತ ನೋಡಿದಳು. ಫೀಸು ಕಟ್ಟಲಾಗದೆ ಎಂಟನೇ ತರಗತಿಗೆ ಶಾಲೆ ಬಿಟ್ಟವಳು ಅವಳು; ಅಲ್ಲಿದ್ದ ಅಕ್ಷರವಂತೂ ಅವಳ ಟೀಚರಿಗೂ ಓದಲು ಬರುತ್ತಿರಲಿಲ್ಲ. ಆದರೆ ಒಂದು ನೀಲಿ ಗೆರೆ ಊರ ಕಡೆಯಿಂದ ಹಳ್ಳದ ಮೇಲ್ದಿಕ್ಕಿಗೆ ಮೂರು ಸಲ ಬಳುಕಿ, ನಾಲ್ಕನೆಯ ಸಲ ಪೂರ್ತಿ ಹಿಂದಕ್ಕೆ ಮಡಚಿಕೊಂಡು, ಐದನೆಯ ಸಲ ಬಂಡೆಗಳ ನಡುವೆ ನುಗ್ಗಿತ್ತು. ಏಳು ವರ್ಷದವಳಿದ್ದಾಗಿಂದ ನ್ಯಾಗುಟಾ ಹಳ್ಳದ ನೀರು ತಲೆಯ ಮೇಲೆ ಹೊತ್ತವಳಿಗೆ ಅದು ಯಾವ ಗೆರೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

ನಾಲ್ಕನೆಯ ತಿರುವಿಗೆ ಅಡ್ಡವಾಗಿ ಕೆಂಪು ಗೆರೆ ಎಳೆದಿತ್ತು. ಅದರ ಹಿಂದೆ ತಿಳಿನೀಲಿ ಬಣ್ಣ ಬಳಿದು ಕೆರೆ ಮಾಡಿದ್ದರು.

ಅವಳ ಕೈಯ ಬಟ್ಟೆ ಅಲ್ಲೇ ನಿಂತಿತು.

ನಾಲ್ಕನೆಯ ತಿರುವಿಗೆ ಊರಿನ ಗಂಡಸರು ಹೋಗುವುದಿಲ್ಲ. ದನ ಆ ಕಡೆ ನುಗ್ಗಿದರೆ ಹಿಂದಿನಿಂದ ಹೆಣ್ಣುಮಕ್ಕಳನ್ನು ಓಡಿಸುತ್ತಾರೆ. ಹಲ್ಲು ಬರುವ ಮೊದಲೇ ತೀರಿಹೋದ ಕೂಸುಗಳನ್ನು ಹೆಂಗಸರೇ ಎತ್ತಿಕೊಂಡು ಹೋಗಿ, ಅಲ್ಲಿ ಬಾಗಿದ ಅತ್ತಿಮರದ ಕೆಳಗೆ, ಒದ್ದೆ ಮಣ್ಣಿನಲ್ಲಿ ಇಟ್ಟು ಬರುತ್ತಾರೆ. ಹಿರಿಯರನ್ನು ಇಡುವ ದಿಬ್ಬದ ಒಣಮಣ್ಣು ಕೂಸನ್ನು ಸುಡುತ್ತದೆ, ಹೆತ್ತ ಒಡಲನ್ನೂ ಸುಡುತ್ತದೆ ಎನ್ನುತ್ತಾರೆ. ಅಲ್ಲಿ ಹಾಡಿಲ್ಲ, ಗೋಳಿಲ್ಲ, ಗುರುತಿನ ಕಲ್ಲಿಲ್ಲ. ಕೂಸಿನ ಅಪ್ಪ ಎಲ್ಲಿ ಇಟ್ಟಿರಿ ಎಂದು ಕೇಳುವುದಿಲ್ಲ. ಕೇಳದೆ ಇರುವುದೇ ಅವನ ಪಾಲಿನ ಕೆಲಸ. ಹೋದ ಮಳೆಗಾಲದಲ್ಲಿ ಶುವಾಯಿಯ ಹತ್ತೊಂಬತ್ತು ದಿನದ ಮಗಳನ್ನು ಅವಳ ಅತ್ತೆ ಎಸ್ನಾತ್ ಕಂಠ ಒಡೆದ ಮಡಕೆಯೊಳಗೆ ಮಲಗಿಸಿ ಅಲ್ಲಿಗೆ ಹೊತ್ತಿದ್ದಳು. ಮಣ್ಣು ಮುಚ್ಚುವಾಗ ಮಾತ್ರ ಸೊಸೆಯ ಕೈ ಹಿಡಿದು, “ಅಂಗೈ ಒಮ್ಮೆ ಇಡು. ಸಾಕು, ಏಳು,” ಅಂದಿದ್ದಳು.

ಕಂಪನಿ ಊರಿನ ಸಮಾಧಿಗಳ ಪಟ್ಟಿ ಮಾಡಿಸಿ ಎರಡು ತಿಂಗಳಾಗಿತ್ತು. ಅದನ್ನು ಬರೆದುಕೊಂಡವನು ಎಫ್ರೇಮ್. ಕಂಪನಿಗೂ ಊರಿಗೂ ನಡುವಿನ ಮಾತು ಇವನದೇ. ಹರಾರೆಯಲ್ಲಿ ಹುಟ್ಟಿ ಅಲ್ಲೇ ಬೆಳೆದವನು, ಚೀನಾದಲ್ಲಿ ನಾಲ್ಕು ವರ್ಷ ಓದಿಬಂದವನು, ಧೂಳಿನ ಊರಿನಲ್ಲಿ ಬಿಳಿ ಬೂಟು ಹಾಕುವವನು. ಗುಡ್ಡದ ಅದಿರುಗಲ್ಲು ತೆಗೆಯುವ ಮೊದಲು ಗುಡ್ಡದ ಸತ್ತವರನ್ನೆಲ್ಲ ಮರ್ಯಾದೆಯಿಂದ ಬೇರೆ ಕಡೆ ಇಡುತ್ತೇವೆ, ಒಂದೊಂದು ಸಮಾಧಿಗೂ ಒಂದು ಮೇಕೆ, ಎರಡು ಚೀಲ ಹಿಟ್ಟು, ಬಿಳಿ ಬಟ್ಟೆ ಕೊಡುತ್ತೇವೆ ಎಂದು ಅವನು ಹೇಳಿದ್ದೇ ತಡ, ಗಂಡಸರೆಲ್ಲ ಬಿಸಿಲಲ್ಲಿ ಗುಡ್ಡ ಹತ್ತಿದ್ದರು. ಮುದುಕ ಜೋಸಾಯಾ ಒಂದು ಹುತ್ತದ ಮುಂದೆ ಟೋಪಿ ತೆಗೆದು ನಿಂತುಬಿಟ್ಟಿದ್ದ.

“ಇದು ನಮ್ಮ ದೊಡ್ಡಪ್ಪಂದು. ಬರ್ಕೊಳ್ಳಿ ಸಾರ್.”

“ನಿನ್ನ ದೊಡ್ಡಪ್ಪ ಬುಲವಾಯೊದಲ್ಲಿ ಸತ್ತದ್ದಲ್ವೇನೋ?” ಎಂದು ಊರ ಯಜಮಾನ ಮುಶೋರಿವಾ ಕೇಳಿದ್ದ.

“ಸತ್ತದ್ದು ಅಲ್ಲಿ ಯಜಮಾನ್ರೇ. ಮನಸ್ಸೆಲ್ಲ ಇಲ್ಲೇ ಇತ್ತು ಪಾಪ.”

ದೊಡ್ಡಪ್ಪನನ್ನೂ ಸೇರಿಸಿ ಇಪ್ಪತ್ತಮೂರು ಆಗಿತ್ತು. “ಇನ್ನೇನಾದರೂ ಉಳೀತಾ?” ಎಂದು ಎಫ್ರೇಮ್ ಮೂರು ಸಲ ಕೇಳಿದ್ದ, ಗಂಡಸರು ಮೂರು ಸಲವೂ ಇಲ್ಲ ಅಂದಿದ್ದರು. ಅವರಿಗೆ ಕುಡಿಯಲು ಹುಳಿಗಂಜಿ ತಂದ ಹೆಂಗಸರು ಮೊಣಕಾಲೂರಿ ಬಟ್ಟಲು ಕೊಟ್ಟು ಹಾಗೇ ಇಳಿದು ಬಂದಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಗಂಡಸರೆದುರು ಅವರು ಹೇಳುವ ಹಾಗಿರಲಿಲ್ಲ.

ನಕ್ಷೆ ಕಂಡ ದಿನ ಸಂಜೆ ಶುವಾಯಿ ಮನೆಗೆ ಬಂದಾಗ ಎಸ್ನಾತ್ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಅವಳೂ ಎದುರು ಕೂತು ಒಂದು ಹಿಡಿ ತೆಗೆದುಕೊಂಡಳು.

“ಅತ್ತೆ, ನಾಲ್ಕನೇ ತಿರುವಿಗೆ ಕಟ್ಟೆ ಕಟ್ತಾರೆ.”

“ಯಾರಂದ್ರು?”

“ಯಾರೂ ಅನ್ನಲಿಲ್ಲ. ನಕ್ಷೆ ನೋಡ್ದೆ.”

“ಓಹೋ! ಚೀನಾದವರ ನಕ್ಷೆ ಓದೋಷ್ಟು ಆದ್ಯಾ? ನಾಳೆ ನಿನಗೂ ಒಂದು ಹಳದಿ ಟೋಪಿ ಕೊಡ್ತಾರೆ ಬಿಡು.” ಎಸ್ನಾತ್ ಒಂದು ಕಾಯಿ ಒಡೆದಳು. ಕಾಳು ಬಟ್ಟಲಿಗೆ ಹೋಗದೆ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಲಿಲ್ಲ. “ಹಳ್ಳಕ್ಕೆ ಐದು ತಿರುವಿದೆ. ಅದೇ ಯಾಕೆ ಬೇಕಾಯ್ತು ಅವರಿಗೆ?”

“ಅಲ್ಲಿ ದಂಡೆ ಇಕ್ಕಟ್ಟು. ಕಟ್ಟೋಕೆ ಸುಲಭ ಅಂತ ಇರಬೇಕು.”

“ಇರಬೇಕು! ಇಷ್ಟು ದಿನ ಆ ಇಕ್ಕಟ್ಟು ಕಾಣದವರಿಗೆ ನೀನು ಅವರ ಅಡುಗೆಮನೆ ಹೊಕ್ಕ ಮೇಲೇ ಕಾಣ್ತಾ? ನನ್ನ ಮಗ ಲಾರೀಲಿ ನಮ್ಮ ಕಲ್ಲು ತುಂಬಿ ಬೈರಾ ಬಂದರಿಗೆ ಒಯ್ತಾನೆ. ನೀನು ಬುಟ್ಟೀಲಿ ನಮ್ಮ ಮಾತು ತುಂಬಿ ಒಯ್ತೀಯ. ಒಳ್ಳೇ ಜೋಡಿ.”

“ನಾನು ಯಾರಿಗೆ ಹೇಳ್ಲಿ ಅತ್ತೆ? ಆ ಅಡುಗೆಯವನ ಹತ್ರ ಬೀನ್ಸ್ ಅನ್ನೋಕೂ ನನಗೆ ಬರಲ್ಲ.”

“ಹಾಗಾದ್ರೆ ಬೇರೆ ಯಾರು ಹೇಳಿದ್ರು?”

ಶುವಾಯಿಯ ಕಣ್ಣು ತಾನಾಗಿ ತಮ್ಮ ಗುಡಿಸಲಿನ ಮೇಲಿದ್ದ ಸೌರದೀಪದತ್ತ ಹೋಯಿತು. ಹಿರಿಯರಿರುವ ಮನೆಗಳಿಗೆ ಎಂದು ಹೇಳಿ ಕಂಪನಿ ಊರಲ್ಲಿ ಮೂರೇ ಮೂರು ಮನೆಗೆ ಅದನ್ನು ಕೊಟ್ಟಿತ್ತು. ಹಿರಿಯರು ಹದಿನೇಳು ಮನೆಯಲ್ಲಿದ್ದರು. ಸೊಸೆ ನೋಡಿದ್ದನ್ನು ಎಸ್ನಾತ್ ನೋಡಿದಳು.

“ನನ್ನ ಮೂರು ಅಲ್ಲಿವೆ,” ಎಂದಳು ಎಸ್ನಾತ್, ದನಿ ತಗ್ಗಿಸಿ. “ನಿನ್ನದು ಒಂದು. ಉರಿ ನನಗೆ ಹೊಸದಲ್ಲ ಹುಡುಗಿ. ಆದ್ರೂ ಬಾಯಿ ಬಿಡಲ್ಲ. ಬಿಟ್ಟೆವೋ, ಅದು ಗಂಡಸರ ಜಾಗ ಆಗುತ್ತೆ. ಎಫ್ರೇಮನ ಪಟ್ಟಿಗೆ ಹೋಗುತ್ತೆ. ಒಂದೊಂದು ಕೂಸಿಗೆ ಒಂದೊಂದು ಮೇಕೆ ಅಂತ ಜೋಸಾಯಾ ಎಣಿಸೋಕೆ ಕೂರ್ತಾನೆ. ಹಗಲಲ್ಲಿ ಎಲ್ಲರ ಮುಂದೆ ಮಡಕೆ ಎತ್ತಿ ತೆಗೀತಾರೆ, ಒಣಗಿದ ದಿಬ್ಬದ ಮೇಲೆ ಸಾಲಾಗಿ ಇಡ್ತಾರೆ. ಅದು ಬೇಕಾ ನಿನಗೆ?”

“ನೀರು ತುಂಬಿಸಿದ್ರೆ?”

“ತುಂಬಿಸಿದಾಗ ನೋಡೋಣ. ಆಸ್ಪತ್ರೆ ಅಂದ್ರು, ಬೋರ್ಡು ಬಂತು. ಡಾಕ್ಟರು ಬಂದ್ನಾ? ಎರಡು ಭಾಷೇಲಿ ಬೋರ್ಡು ಓದ್ಕೊಂಡು ಜ್ವರ ಇಳಿಸ್ಕೋತಾ ಇದ್ದೀವಿ. ಮುಂಚೆ ಬಿಳಿಯರು ಬಂದಾಗ ಕಲ್ಲೂ ಒಯ್ದ್ರು, ಭಾನುವಾರ ಕರೆದು ಹಾಡೂ ಹಾಡಿಸಿದ್ರು. ಇವರಿಗೆ ನಮ್ಮ ಹಾಡೂ ಬೇಡ.” ಎಸ್ನಾತ್ ನೆಲದ ಕಾಳನ್ನು ಈಗ ಎತ್ತಿ ಊದಿ ಬಾಯಿಗೆ ಹಾಕಿಕೊಂಡಳು. “ಸುಮ್ಮನಿರು. ಆ ಕೆಲಸ ನಿನಗೆ ಚೆನ್ನಾಗಿ ಬರುತ್ತಲ್ಲ.”

ಶುವಾಯಿ ಸುಮ್ಮನಿದ್ದಳು, ಎರಡು ದಿನ. ಆದರೆ ಪಾತ್ರೆ ತೊಳೆಯುವಾಗಲೂ ಆ ತಿಳಿನೀಲಿ ಬಣ್ಣವೇ ಕಣ್ಣ ಮುಂದೆ. ನೀರು ನಿಂತರೆ ಮಣ್ಣು ಸಡಿಲವಾಗುತ್ತದೆ. ಮಣ್ಣು ಸಡಿಲವಾದರೆ ಮಡಕೆ ಮೇಲೇಳುತ್ತದೆ. ಅಷ್ಟರಾಚೆ ಅವಳು ಯೋಚಿಸುತ್ತಿರಲಿಲ್ಲ, ಬೋಗುಣಿಯನ್ನು ಇನ್ನೂ ಜೋರಾಗಿ ಉಜ್ಜುತ್ತಿದ್ದಳು.

ಹೇಳಬೇಕಾದದ್ದು ಎಂಜಿನಿಯರ್ ಟಾಂಗ್‌ಗೆ. ನಕ್ಷೆ ಅವಳದು, ಅವಳೂ ಹೆಂಗಸು. ಮೂವತ್ತರ ಆಸುಪಾಸು, ಸಣ್ಣ ದೇಹ, ಯಾವಾಗಲೂ ಬಿಸಿನೀರಿನ ಫ್ಲಾಸ್ಕ್ ಹಿಡಿದೇ ಇರುವವಳು. ಊರಿಗೆ ಬಂದಾಗ ಮಕ್ಕಳಿಗೆ ಮಿಠಾಯಿ ಕೊಡುತ್ತಾಳೆ, ಹಳ್ಳ ಯಾವ ತಿಂಗಳು ಬತ್ತುತ್ತದೆ, ಹೆಂಗಸರು ಎಲ್ಲೆಲ್ಲಿ ನೀರಿಗಿಳಿಯುತ್ತಾರೆ ಎಂದೆಲ್ಲ ನಗುನಗುತ್ತ ಕೇಳುತ್ತಾಳೆ. “ಇಷ್ಟು ನಯವಾಗಿ ಕೇಳ್ತಾಳೆ ಅಂದ್ರೆ ಏನೋ ಇದೆ,” ಎಂದು ಊರ ಹೆಂಗಸರು ಮಿಠಾಯಿಯನ್ನು ಮಕ್ಕಳ ಬಾಯಿಂದ ತೆಗೆಸಿ ಮೂಸಿ ನೋಡಿ ಮತ್ತೆ ಹಾಕಿದ್ದರು. ಆದರೆ ಟಾಂಗ್ ಕೇಳುವುದೆಲ್ಲ ಎಫ್ರೇಮನ ಬಾಯಿಂದ ಬರುತ್ತದೆ, ಅವಳಿಗೆ ಹೇಳುವುದೆಲ್ಲ ಎಫ್ರೇಮನ ಕಿವಿಯಿಂದ ಹೋಗುತ್ತದೆ. ಹೆಂಗಸೊಬ್ಬಳಿಗೆ ಹೆಂಗಸಿನ ಮಾತು ಹೇಳಲು ನಡುವೆ ಒಬ್ಬ ಗಂಡಸು ಕೂರಬೇಕು.

ಮೂರನೆಯ ದಿನ ಬೆಳಿಗ್ಗೆ ಎಫ್ರೇಮ್ ಜೀಪು ಹತ್ತಿ ಪೇಟೆಗೆ ಹೋದ. ಟಾಂಗ್ ನೀರಿಗೆಂದು ಅಡುಗೆಮನೆಗೆ ಬಂದಳು. ಶುವಾಯಿ ಅವಳ ತೋಳು ಮುಟ್ಟಿ ಊಟದ ಕೋಣೆಗೆ ಕರೆದಳು. ನಕ್ಷೆ ಅಲ್ಲೇ ಇತ್ತು. ನಾಲ್ಕನೆಯ ತಿರುವಿನ ಮೇಲೆ ಅಂಗೈ ಇಟ್ಟಳು. ತಲೆಯಾಡಿಸಿ ಬೇಡ ಅಂದಳು. ಆಮೇಲೆ ಬೆರಳನ್ನು ಮೇಲಕ್ಕೆ ಸರಿಸಿ ಐದನೆಯ ತಿರುವು ತೋರಿಸಿ, ಇಲ್ಲಿ, ಎಂದು ತಲೆದೂಗಿದಳು.

ಟಾಂಗ್ ಏನೋ ಕೇಳಿದಳು. ಶುವಾಯಿ ಮತ್ತೆ ಅಂಗೈಯನ್ನು ಕೆಳಗೆ ತಂದಿಟ್ಟಳು. ಅಷ್ಟರಲ್ಲಿ ಸೌಟು ಹಿಡಿದ ಗಾವೊ ಬಾಗಿಲಿಗೆ ಬಂದ. ಟಾಂಗ್ ಅವನನ್ನು ಕೇಳಿದಳು. ಅವನು ನಕ್ಷೆ ನೋಡಲಿಲ್ಲ, ಶುವಾಯಿಯ ಕೈ ನೋಡಿದ. ಅದು ಹೇಗೆ ಬೆರಳು ಬಿಡಿಸಿ, ಭಾರ ಬಿಡದೆ, ಕಾಗದದ ಮೇಲೆ ಇತ್ತೆಂದು ನೋಡಿದ. ಒಂದು ಮಾತು ಹೇಳಿ ಒಲೆಯ ಕಡೆ ಹೋದ. ಟಾಂಗ್ ಜೇಬಿನಿಂದ ಪೆನ್ಸಿಲ್ ತೆಗೆದು, ಶುವಾಯಿಯ ಕೈ ಇದ್ದ ಜಾಗಕ್ಕೆ ಒಂದು ಸಣ್ಣ ಸುತ್ತು ಹಾಕಿದಳು.

ಮಧ್ಯಾಹ್ನ ಗಾವೊ ಅವಳ ಅನ್ನದ ಮೇಲೆ ಒಂದು ಹುರಿದ ಮೊಟ್ಟೆ ಇಟ್ಟ. ನಾಲ್ಕು ತಿಂಗಳಲ್ಲಿ ಎಂದೂ ಇಡದವನು ಇವತ್ತೇಕೆ ಇಟ್ಟ? ಏನು ಅರ್ಥ ಮಾಡಿಕೊಂಡ? ಟಾಂಗ್‌ಗೆ ಹೇಳಿದ ಆ ಒಂದು ಮಾತು ಯಾವುದು? ಶುವಾಯಿ ಮೊಟ್ಟೆಯ ಸುತ್ತಲಿನ ಅನ್ನ ತಿಂದು ಮೊಟ್ಟೆಯನ್ನು ಹಾಗೇ ಬಿಟ್ಟಳು.

ಎರಡು ದಿನ ಕಳೆದು ಎಫ್ರೇಮ್ ಹಿಂಬಾಗಿಲ ಮೆಟ್ಟಿಲಿಗೆ ಬಂದ. ಬಿಳಿ ಬೂಟಿನ ಅಂಚಿಗೆ ಕಪ್ಪು ಕೆಸರು ಮೆತ್ತಿತ್ತು. ಆ ಬಣ್ಣದ ಕೆಸರು ಸುತ್ತಮುತ್ತ ಒಂದೇ ಕಡೆ ಇರುವುದು. ಅಲ್ಲಿ ಕೂತಿದ್ದ ಶುವಾಯಿ ಅದನ್ನು ಕಂಡ ಕೂಡಲೇ ಕೈಯ ಪಾತ್ರೆ ಕೆಳಗಿಟ್ಟಳು.

“ಏನಮ್ಮ, ಮೇಡಂಗೆ ಕೈ ಇಟ್ಟು ತೋರಿಸೋಕೆ ಬರುತ್ತೆ, ನನ್ನ ಹತ್ರ ಬಾಯಿ ಬರಲ್ವಾ?”

ಅವಳು ಎದ್ದು ನಿಂತಳು.

“ಅಲ್ಲೇನೋ ಇದೆ, ಹೋಗಿ ವಿಚಾರಿಸು ಅಂದ್ರು. ಕಾವಲಿನವನನ್ನ ಕರ್ಕೊಂಡು ಹೋದೆ. ಮರದ ಕೆಳಗೆ ಅಲ್ಲಲ್ಲಿ ಅಗೆದು ಮುಚ್ಚಿದ್ದಾರೆ. ಒಂದು ಕಡೆಯಂತೂ ಮಣ್ಣು ಇನ್ನೂ ಹೊಸದು. ಮಡಕೆ ಚೂರು ಬಿದ್ದಿದೆ. ಯಾರು ಅಗೀತಿರೋದು?”

ಹೊಸ ಮಣ್ಣು ನೆರೆಮನೆಯ ನ್ಯಾರಾಯಿಯದು. ಹೋದ ತಿಂಗಳು ಅವಳ ಆರು ದಿನದ ಗಂಡುಕೂಸನ್ನು ಅಲ್ಲಿ ಇಟ್ಟಿದ್ದರು.

“ಗೊತ್ತಿಲ್ಲ ಸಾರ್.”

“ಗೊತ್ತಿಲ್ಲದೆ ನಕ್ಷೆ ಮೇಲೆ ಕೈ ಇಟ್ಯಾ? ನೋಡು, ಈ ಜಿಲ್ಲೆ ನಾನು ಸುತ್ತಿದ್ದೀನಿ. ಹಗಲಲ್ಲಿ ನಮ್ಮನ್ನ ಸಾರ್ ಸಾರ್ ಅಂತಾರೆ, ನಾವು ಆ ಕಡೆ ತಿರುಗಿದ್ರೆ ಕಲ್ಲು ಅಗೆದು ಮಣ್ಣಲ್ಲಿ ಬಚ್ಚಿಟ್ಟು ಬೇರೆಯವರಿಗೆ ಮಾರ್ತಾರೆ. ನಿಮ್ಮೂರಲ್ಲಿ ಯಾರು? ಜೋಸಾಯಾನಾ?”

“ಅಲ್ಲಿ ಕಲ್ಲಿಲ್ಲ ಸಾರ್.”

“ಮತ್ತೇನಿದೆ?”

ಒಳಗೆ ಗಾವೊ ಕೊಚ್ಚುತ್ತಿದ್ದ ಕತ್ತಿಯ ಸದ್ದು ನಿಂತಿತ್ತು.

“ಸರಿ,” ಅಂದ ಎಫ್ರೇಮ್. “ಶುಕ್ರವಾರ ಊರ ಸಭೆ ಕರೀತೀನಿ. ಅಲ್ಲಿ ನೆಟ್ಟಗೆ ಉತ್ತರ ಬಂದ್ರೆ ಆಯ್ತು. ಇಲ್ಲಾಂದ್ರೆ ಅದೇ ಮಧ್ಯಾಹ್ನ ಯಂತ್ರ ತಂದು ಅಗೆಸಿ, ಒಳಗೇನಿದೆ ನಾವೇ ನೋಡ್ಕೋತೀವಿ.”

ಶುಕ್ರವಾರ ಊರೆಲ್ಲ ಮುಹಾಚಾ ಮರದ ಕೆಳಗೆ ಸೇರಿತು. ಗಂಡಸರು ಬೆಂಚಿನ ಮೇಲೆ, ಹೆಂಗಸರು ನೆಲಕ್ಕೆ ಬಟ್ಟೆ ಹಾಸಿಕೊಂಡು. ಟಾಂಗ್ ಫೈಲು ಹಿಡಿದು ಜೀಪಿನ ಪಕ್ಕ ನಿಂತಿದ್ದಳು. ರಸ್ತೆಯಂಚಿನಲ್ಲಿ ಹಳದಿ ಯಂತ್ರ ಬಂದು ನಿಂತು ಆಗಲೇ ಅರ್ಧ ಗಂಟೆಯಾಗಿತ್ತು.

“ಯಾರೋ ಕದ್ದು ಅಗೀತಿದ್ದಾರೆ,” ಎಂದು ಎಫ್ರೇಮ್ ಶುರುಮಾಡಿದ. ಗಂಡಸರು ಗದ್ದಲ ಎಬ್ಬಿಸಿದರು. ಮೊನ್ನೆ ಹೊಸ ಸೈಕಲ್ ತಂದವನನ್ನು ಪಕ್ಕದವನು ನೋಡಿದ. ಅವನು ಪಕ್ಕದವನ ಹೊಸ ತಗಡಿನ ಮಾಡು ನೆನೆಸಿಕೊಂಡ. ಜೋಸಾಯಾ ಎದ್ದು ಒಂದು ಕಾಲು ಮೇಲೆತ್ತಿ, ಟೈರು ಕತ್ತರಿಸಿ ಮಾಡಿದ ಚಪ್ಪಲಿ ಎಲ್ಲರಿಗೂ ತೋರಿಸಿದ.

“ಕಲ್ಲು ಮಾರಿದವನ ಕಾಲು ಹೀಗಿರುತ್ತಾ ಸಾರ್? ನಿಮ್ಮ ಬೂಟು ಕೊಡಿ, ನಾಳೆಯಿಂದ ನಾನೇ ಕಳ್ಳ!”

ಎಲ್ಲರೂ ನಕ್ಕರು.

“ನಾಲ್ಕನೇ ತಿರುವಿನಲ್ಲಿ,” ಅಂದ ಎಫ್ರೇಮ್. “ಬಾಗಿದ ಅತ್ತಿಮರದ ಕೆಳಗೆ.”

ನಗು ನಿಂತಿತು. ಜೋಸಾಯಾ ಕಾಲು ಕೆಳಗಿಳಿಸಿ ಮೆಲ್ಲನೆ ಕೂತ. ಮುಶೋರಿವಾ ನಶ್ಯದ ಡಬ್ಬಿ ತೆರೆದವನು ಚಿಟಿಕೆಯನ್ನು ಮೂಗಿಗೂ ಒಯ್ಯದೆ ಡಬ್ಬಿಗೂ ಹಾಕದೆ ಹಾಗೇ ಹಿಡಿದುಕೊಂಡ. ಗಂಡಸರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟು ನೆಲ ನೋಡಿದರು. ಅವರಿಗೆ ಗೊತ್ತಾಗಿಬಿಟ್ಟಿದೆ ಎಂದು ಶುವಾಯಿಗೆ ಗೊತ್ತಾಯಿತು. ಹುಟ್ಟಿದಾಗಿಂದ ಗೊತ್ತಿಲ್ಲದ ಹಾಗೆ ಇದ್ದವರು ಅವರು. ಈಗ ಹೇಗೆ ಗೊತ್ತಿದೆ ಅಂದಾರು?

“ಯಜಮಾನ್ರೇ, ಏನದು?”

“ಅದು ನಮಗೆ ಗೊತ್ತಿಲ್ಲದ ಜಾಗ ಸಾರ್.”

“ನಿಮ್ಮೂರಿನ ಜಾಗ ನಿಮಗೇ ಗೊತ್ತಿಲ್ವಾ?”

“ಗೊತ್ತಿಲ್ಲ.”

ಎಫ್ರೇಮ್ ಟಾಂಗ್ ಕಡೆ ತಿರುಗಿ ಹೇಳಿದ. ಮುಶೋರಿವಾ ಆಡಿದ್ದು ಎರಡೇ ಮಾತು. ಎಫ್ರೇಮ್ ಆಡಿದ್ದು ಬಹಳ ಹೊತ್ತು. ಅವನು ಏನೇನು ಸೇರಿಸಿದನೋ ಎಂದು ಶುವಾಯಿ ಅವನ ತುಟಿಗಳನ್ನೇ ನೋಡಿದಳು. ಟಾಂಗ್ ಫೈಲಿನಲ್ಲಿ ಬರೆದುಕೊಂಡಳು. ಬರೆಯುತ್ತ ಒಮ್ಮೆ ತಲೆಯೆತ್ತಿ ಹೆಂಗಸರ ಸಾಲಿನಲ್ಲಿ ಯಾರನ್ನೋ ಹುಡುಕಿದಳು, ಕಣ್ಣು ಶುವಾಯಿಯ ಮೇಲೆ ನಿಂತಿತು. ಆ ನೋಟ ಕೇಳುತ್ತಿತ್ತೋ, ಹಿಡಿದುಕೊಡುತ್ತಿತ್ತೋ ತಿಳಿಯಲಿಲ್ಲ. ಎಫ್ರೇಮ್ ರಸ್ತೆಯತ್ತ ಕೈಬೀಸಿದ. ಯಂತ್ರ ಕೆಮ್ಮಿ ಚಾಲೂ ಆಯಿತು.

ಶುವಾಯಿ ಎದ್ದಳು. ಊರ ಸಭೆಯಲ್ಲಿ ಅವಳು ಎಂದೂ ಎದ್ದವಳಲ್ಲ.

“ಅಲ್ಲಿ ಅಗೀಬೇಡಿ ಸಾರ್.”

“ಯಾಕೆ?”

“ಕಟ್ಟೆ ಬೇಕಾದ್ರೆ ಐದನೇ ತಿರುವಲ್ಲಿ ಕಟ್ಟಿ. ಇದೊಂದು ಬಿಟ್ಬಿಡಿ. ಅದು ಹೆಂಗಸರ ಜಾಗ.”

“ಹೆಂಗಸರ ಜಾಗ ಅಂದ್ರೆ? ಬಟ್ಟೆ ಒಗೆಯೋದಾ? ಬೇರೆ ಕಡೆ ಸಿಮೆಂಟಿನ ಒಗೆಯೋ ಕಲ್ಲು ಹಾಕಿಸಿ ಕೊಡೋಣ. ನಲ್ಲೀನೂ ಹಾಕಿಸೋಣ.”

“ಬಟ್ಟೆ ಒಗೆಯೋದಲ್ಲ.”

“ಮತ್ತೆ?”

ಅವಳ ಹಿಂದೆ ಯಾರೋ ಮೂಗಲ್ಲಿ ಉಸಿರೆಳೆದರು. ಅತ್ತೆಯ ಉಸಿರು ಅವಳಿಗೆ ಗುರುತು.

“ಕಾರಣ ಹೇಳೋಕಾಗಲ್ಲ,” ಅಂದಳು.

ಎಫ್ರೇಮ್ ಅವಳನ್ನೂ, ಸುಮ್ಮನೆ ಕೂತ ಗಂಡಸರನ್ನೂ ಒಮ್ಮೆ ನೋಡಿದ. ಏನೋ ತಪ್ಪಿಹೋಗುತ್ತಿದೆ ಎಂದು ಅವನಿಗೂ ಅನಿಸಿರಬೇಕು, ದನಿ ಸ್ವಲ್ಪ ಇಳಿಯಿತು. “ನೋಡಮ್ಮ, ನೀನು ಕ್ಯಾಂಪಿನ ಕೆಲಸದವಳು. ನಿನ್ನೊಬ್ಬಳ ಮಾತು ಬರ್ಕೊಂಡ್ರೆ ನಾನೇ ಹೇಳಿಸಿದೆ ಅಂತಾರೆ. ಊರವರು ಇನ್ನೊಬ್ಬರು ಬೇಡ ಅಂದ್ರೆ ಸಾಕು. ಕಾರಣ ಬೇಡ. ಹೆಂಗಸರು ಒಪ್ಪಲಿಲ್ಲ ಅಂತ ಬರೆದು, ಯಂತ್ರ ವಾಪಸ್ ಕಳಿಸಿ, ಮೇಡಂಗೆ ಐದನೇ ತಿರುವು ನೋಡೋಕೆ ಹೇಳ್ತೀನಿ. ಇನ್ನೊಬ್ಬರು ಯಾರಿದ್ದೀರಿ?”

ಶುವಾಯಿ ಹೆಂಗಸರ ಕಡೆ ತಿರುಗಿದಳು. ಎದ್ದರೆ ತನ್ನ ಕೂಸು ಅಲ್ಲಿದೆ ಎಂದು ಇಡೀ ಊರಿಗೆ ಹೇಳಿದ ಹಾಗೆ. ಅದು ಅವಳಿಗೂ ಗೊತ್ತಿತ್ತು. ನ್ಯಾರಾಯಿ ಮೊಣಕಾಲಿನ ಮೇಲಿನ ಬಟ್ಟೆಯನ್ನು ಬಿಗಿಯಾಗಿ ಎಳೆದುಕೊಂಡು ಅದರ ಹೂವಿನ ಅಚ್ಚು ನೋಡುತ್ತಿದ್ದಳು. ಎಸ್ನಾತ್ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ ಕೂತಿದ್ದಳು. ಏಳಲೆಂದು ಊರಿದ್ದಳೋ, ಏಳದಿರಲೆಂದೋ.

ಯಂತ್ರ ರಸ್ತೆ ಬಿಟ್ಟು ಹಳ್ಳದ ದಾರಿಗೆ ಹೊರಳುತ್ತಿತ್ತು.

“ಅತ್ತೆ,” ಅಂದಳು ಶುವಾಯಿ. “ಏನೂ ಹೇಳಬೇಡಿ. ಎದ್ದು ಬಂದು ನನ್ನ ಪಕ್ಕ ನಿಂತ್ಕೊಳ್ಳಿ.”